ಉಪ್ಪುಗಾಳಿಯ ಊರಲ್ಲಿ ಮೋಟರ್‌ಹೋಮ್: ಕಾಯುವುದೋ, ಕೊಳ್ಳುವುದೋ, ಎಸಿಗೆ ಎಷ್ಟು ಬ್ಯಾಟರಿ?

ಪ್ರಶ್ನೆ: ನಾವು ಬ್ರಹ್ಮಾವರದವರು. ಗಂಡ-ಹೆಂಡತಿ, ಇಬ್ಬರು ಮಕ್ಕಳು, ಜತೆಗೆ ಎಪ್ಪತ್ತೆರಡು ವರ್ಷದ ಅಮ್ಮ. ವಾರಾಂತ್ಯಕ್ಕೆ ಮರವಂತೆ, ಆಗುಂಬೆ, ಸಕಲೇಶಪುರದ ಕಡೆ, ವರ್ಷಕ್ಕೊಮ್ಮೆ ದೂರದ ತಿರುಗಾಟ. ಇದಕ್ಕೊಂದು ಮೋಟರ್‌ಹೋಮ್ ಮಾಡಿಸಬೇಕೆಂದಿದೆ. ಟೂರಿಸ್ಟಿಗೆ ಓಡಿದ ಹಳೆಯ ಟ್ರಾವೆಲರ್ ಮಿನಿಬಸ್ಸೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಬೈಕಂಪಾಡಿಯ ಶೆಡ್ಡೊಂದರವರು ಮಂಚ, ಅಡುಗೆಕಟ್ಟೆ, ಟಾಯ್ಲೆಟ್ ಎಲ್ಲ ಕೂರಿಸಿಕೊಡುತ್ತೇವೆ ಎನ್ನುತ್ತಾರೆ. ವಿದೇಶದಲ್ಲಿ ಎಲೆಕ್ಟ್ರಿಕ್ ಮೋಟರ್‌ಹೋಮ್ ಬಂದಿದೆ, ಎರಡು ವರ್ಷ ಕಾಯುವ ಎಂದು ಮಗ ಹೇಳುತ್ತಾನೆ. ಯಾವುದು ಸರಿ? ಜನರೇಟರ್ ಇಲ್ಲದೆ ರಾತ್ರಿಯಿಡೀ ಎಸಿ ಓಡೀತೇ? ಎಷ್ಟು ಬ್ಯಾಟರಿ, ಎಷ್ಟು ಸೋಲಾರ್ ಬೇಕು?

ಉತ್ತರ: ಎಸಿ ಓಡುತ್ತದೆ. ಅದರ ಲೆಕ್ಕ ಮುಂದೆ ಕೊಟ್ಟಿದ್ದೇವೆ. ಮೊದಲು ಆ ಹಳೆಯ ಟ್ರಾವೆಲರಿನ ಮಾತು ಮುಗಿಸೋಣ. ಹಣ ಮುಳುಗುವ ಜಾಗ ಅದೇ, ಮುಂಗಡ ಕೊಟ್ಟ ಮೇಲೆ ಹೇಳಿ ಪ್ರಯೋಜನವಿಲ್ಲ.

ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಹೀಗೆ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡ ಕಂಟಕ ವಿಮೆ. ಹದಿಮೂರೋ ಹದಿನೇಳೋ ಸೀಟಿನ ಬಸ್ಸೆಂದು ನೋಂದಣಿಯಾದ ಗಾಡಿಯೊಳಗೆ ಒಲೆ, ಬ್ಯಾಟರಿ, ಮಂಚ ಇದ್ದು ಘಾಟಿಯಲ್ಲಿ ಏನಾದರೂ ಆದರೆ, ವಿಮಾ ಕಂಪೆನಿಗೆ ಕ್ಲೇಮ್ ತಳ್ಳಿಹಾಕಲು ನೀವೇ ಕಾರಣ ಒದಗಿಸಿದಂತೆ. ಶೆಡ್ಡಿನವರು ಕೆಲಸಗಾರರಾಗಿ ಒಳ್ಳೆಯವರೇ ಇರಬಹುದು. ಆದರೆ ಅವರು ಕೊಡುವ ಬಿಲ್ಲು ಆರ್‌ಟಿಒ ಕಚೇರಿಯಲ್ಲಿ ನಡೆಯುವುದಿಲ್ಲ.

ನಡೆಯುವ ದಾರಿ ಬೇರೆಯಿದೆ. ಮೋಟರ್ ಕ್ಯಾರವಾನ್ ಎಂಬ ವಾಹನಕ್ಕೆ ನಮ್ಮ ದೇಶದಲ್ಲಿ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಕೂರುವ ಸೀಟು ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ವ್ಯವಸ್ಥೆ, ಸಾಮಾನಿಡುವ ಕಪಾಟು ಇವಿಷ್ಟೂ ಇರಬೇಕು, ಮೇಜೊಂದನ್ನು ಬಿಟ್ಟು ಉಳಿದದ್ದು ಗಾಡಿಗೆ ಭದ್ರವಾಗಿ ಕೂತಿರಬೇಕು. ಈ ಮಾನದಂಡದಡಿ ಎಆರ್‌ಎಐ ಅಥವಾ ಐಸಿಎಟಿಯಂಥ ವಾಹನ ಪರೀಕ್ಷಾ ಸಂಸ್ಥೆಯಿಂದ ಟೈಪ್ ಅಪ್ರೂವಲ್ (ಆ ಮಾದರಿಗೆ ಒಪ್ಪಿಗೆ) ಪಡೆದ ಕಂಪೆನಿ, ಹೊಸ ವ್ಯಾನನ್ನು ನೋಂದಣಿಗೆ ಮೊದಲೇ ಕ್ಯಾರವಾನ್ ಆಗಿ ಕಟ್ಟಿಕೊಡಬೇಕು. ಆಗ ಬಾಡಿ ಕಟ್ಟಿದವರ ಭಾಗವೂ ತುಂಬಿದ ಫಾರ್ಮ್ 22ಎ, ಅಂದರೆ ಗಾಡಿ ಸುರಕ್ಷತೆಯ ಮತ್ತು ಹೊಗೆಯ ನಿಯಮಕ್ಕೆ ಹೊಂದಿದೆ ಎಂಬ ಪ್ರಮಾಣಪತ್ರ, ನಿಮ್ಮ ಕೈಗೆ ಬರುತ್ತದೆ. ಆರ್‌ಟಿಒ ನೋಂದಣಿಯ ವಾಹನ್ ತಂತ್ರಾಂಶದಲ್ಲಿ ‘ಮೋಟರ್ ಕ್ಯಾರವಾನ್’, ‘ಕ್ಯಾಂಪರ್ ವ್ಯಾನ್’ ಎಂಬ ವರ್ಗಗಳಿವೆ. ಕೆಎ-20 ಪ್ಲೇಟು ಹಾಕಿಸುವಾಗ ಆರ್‌ಸಿಯಲ್ಲಿ ಆ ಹೆಸರೇ ಬರಬೇಕು. ‘ಅಪ್ರೂವಲ್ ಉಂಟು’ ಎಂಬ ಬಾಯಿಮಾತು ಸಾಲದು. ಪ್ರಮಾಣಪತ್ರದ ಪ್ರತಿ ಕೇಳಿ, ಅದರಲ್ಲಿ ನೀವು ಕೊಳ್ಳುವ ವ್ಯಾನಿನ ಮಾದರಿ ಮತ್ತು ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಇದೆಯೇ ನೋಡಿ. ಒಂದು ಮಾದರಿಗೆ ಸಿಕ್ಕ ಅಪ್ರೂವಲನ್ನು ಇನ್ನೊಂದಕ್ಕೆ ತೋರಿಸುವುದು ಈ ವ್ಯಾಪಾರದ ಹಳೆಯ ಚಾಳಿ.

ಚಾಲನೆಗೆ ತೊಡಕಿಲ್ಲ. ಒಟ್ಟು ತೂಕ 7,500 ಕಿಲೋದೊಳಗಿದ್ದರೆ ನಿಮ್ಮಲ್ಲಿರುವ ಎಲ್‌ಎಂವಿ (ಕಾರಿನ) ಲೈಸೆನ್ಸೇ ಸಾಕು.

ಈಗ ಮಗನ ಮಾತಿಗೆ ಬರೋಣ. ಹುಡುಗ ಹೇಳುವುದು ಸುಳ್ಳಲ್ಲ. ಅಮೆರಿಕದ ವಿನ್ನೆಬಾಗೊ 2023ರಲ್ಲಿ ಇಆರ್‌ವಿ2 ಎಂಬ ಪೂರ್ಣ ಎಲೆಕ್ಟ್ರಿಕ್ ಮಾದರಿಯನ್ನು ತೋರಿಸಿತು. ಫೋರ್ಡ್ ಇ-ಟ್ರಾನ್ಸಿಟ್ ವ್ಯಾನಿನ ಮೇಲೆ ಕಟ್ಟಿದ್ದು, ಚಕ್ರ ತಿರುಗಿಸುವ ಬ್ಯಾಟರಿ 68 ಯೂನಿಟ್, ಒಮ್ಮೆ ಚಾರ್ಜ್ ಮಾಡಿದರೆ ಓಟ ಸುಮಾರು 108 ಮೈಲಿ, ಅಂದರೆ 170 ಕಿಲೋಮೀಟರ್ ಚಿಲ್ಲರೆ. (ಇಲ್ಲಿ ಯೂನಿಟ್ ಎಂದರೆ ಮೆಸ್ಕಾಂ ಬಿಲ್ಲಿನ ಯೂನಿಟ್ಟೇ, ಒಂದು ಕಿಲೋವ್ಯಾಟ್-ಅವರ್.) ಓಟ ಕಡಿಮೆಯಾಯಿತೆಂದೇ ಮುಂದಿನ ಹೆಜ್ಜೆ ಬ್ಯಾಟರಿ, ಎಂಜಿನ್ ಎರಡೂ ಇರುವ ಹೈಬ್ರಿಡ್ ಕಡೆಗೆ ಬಿತ್ತು. 2024ರಲ್ಲಿ ಥಾರ್ ಸಂಸ್ಥೆ ಹಾರ್ಬಿಂಜರ್ ಚಾಸಿಸ್ಸಿನ ಮೇಲೆ ತೋರಿಸಿದ ದೊಡ್ಡ ಗಾಡಿಯಲ್ಲಿ 140 ಯೂನಿಟ್ ಬ್ಯಾಟರಿ ಇದೆ, ಅದನ್ನು ತುಂಬಲಿಕ್ಕೆಂದೇ ಒಂದು ಪೆಟ್ರೋಲ್ ಎಂಜಿನ್ ಇದೆ. ಒಟ್ಟು 500 ಮೈಲಿ ಹೋಗುತ್ತದೆಂಬುದು ಕಂಪೆನಿಯ ಅಂದಾಜು. ಅದೇ ವರ್ಷ ಫೋಕ್ಸ್‌ವ್ಯಾಗನ್ ಹೊಸ ಕ್ಯಾಲಿಫೋರ್ನಿಯಾ ತಂದಿತು. ಮಲ್ಟಿವ್ಯಾನಿನ ಅಡಿಗಟ್ಟು, ಎರಡೂ ಬದಿಗೆ ಜಾರುಬಾಗಿಲು, ಪ್ಲಗ್-ಇನ್ ಹೈಬ್ರಿಡ್ ಆಯ್ಕೆಯೂ ಇದೆ.

ಇದನ್ನು ನಮ್ಮ ಘಾಟಿಗೆ ಹಚ್ಚಿ ನೋಡಿ. ತುಂಬಿದ ಗಾಡಿ 4 ಟನ್ ಎಂದಿಟ್ಟುಕೊಳ್ಳೋಣ. ಮಂಗಳೂರಿನಿಂದ ಶಿರಾಡಿ ಹತ್ತಿ ಸಕಲೇಶಪುರ ಸೇರುವಾಗ ಅದು ಸುಮಾರು 900 ಮೀಟರ್ ಮೇಲೇರುತ್ತದೆ. ಆ ಏರಿಕೆಯೊಂದಕ್ಕೇ 10 ಯೂನಿಟ್ ಬೇಕು. ಇದು ರಸ್ತೆಯಲ್ಲಿ ಉರುಳುವ ಖರ್ಚಿನ ಮೇಲಿನ ಖರ್ಚು. ಇಳಿಯುವಾಗ ಮೋಟರೇ ಡೈನಮೋ ಆಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಕೊಡುತ್ತದೆ, ಬ್ರೇಕೂ ಬಿಸಿಯಾಗುವುದಿಲ್ಲ. ನಿಜಕ್ಕೂ ಘಾಟಿಗೆ ಹೇಳಿ ಮಾಡಿಸಿದ ಗುಣ. ಒಂದೇ ಎಚ್ಚರ: ಸಕಲೇಶಪುರದಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಲು ಹೊರಟರೆ ವಾಪಸ್ ಬಂದ ಕರೆಂಟಿಗೆ ಜಾಗವಿರುವುದಿಲ್ಲ, ಬ್ರೇಕಿನ ಭಾರವೆಲ್ಲ ಮತ್ತೆ ಪ್ಯಾಡಿನ ಮೇಲೆ. ಇಷ್ಟೆಲ್ಲ ಇದ್ದರೂ 170 ಕಿಲೋಮೀಟರ್ ಓಟದ ಗಾಡಿಯಲ್ಲಿ ಮಂಗಳೂರಿನಿಂದಲೇ 350 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಟರೆ, ಅಮ್ಮನನ್ನು ಕೂರಿಸಿಕೊಂಡು ದಾರಿಯಲ್ಲಿ ಎರಡು ಸಲವಾದರೂ ಚಾರ್ಜಿಗೆ ನಿಲ್ಲಬೇಕು. ಐದು ಜನಕ್ಕೆ ಸಾಲುವ ಎಲೆಕ್ಟ್ರಿಕ್ ಮೋಟರ್‌ಹೋಮಿಗೆ ಎರಡು ವರ್ಷ ಕಾಯಿರಿ ಎಂದು ನಾವು ಹೇಳುವುದಿಲ್ಲ. ಡೀಸೆಲ್ ವ್ಯಾನ್ ತೆಗೆದುಕೊಳ್ಳಿ. ಹೊಸ ತಂತ್ರಜ್ಞಾನಕ್ಕೆಂದು ಇಟ್ಟ ಹಣವನ್ನು ಗಾಡಿಯೊಳಗಿನ ‘ಮನೆ’ಯ ವಿದ್ಯುತ್ತಿಗೆ ಸುರಿಯಿರಿ. ಈ ಐದಾರು ವರ್ಷಗಳಲ್ಲಿ ನಿಜವಾದ ಬದಲಾವಣೆ ಆದದ್ದು ಅಲ್ಲಿ.

ಯಾವ ವ್ಯಾನ್? ಐದು ಜನ, ಅದರಲ್ಲೊಬ್ಬರು ಹಿರಿಯರು, ಒಳಗೇ ಟಾಯ್ಲೆಟ್ ಎಂದಾದರೆ ಫೋರ್ಸ್ ಅರ್ಬಾನಿಯಾದ ಉದ್ದನೆಯ ಮಾದರಿ ಹೊಂದುತ್ತದೆ. 3350, 3615, 4400 ಮಿಲಿಮೀಟರ್ ಎಂಬ ಮೂರು ವೀಲ್‌ಬೇಸಿನಲ್ಲಿ ಅದು ಬರುತ್ತದೆ, 4400ರದ್ದು ಸುಮಾರು ಏಳು ಮೀಟರ್ ಉದ್ದ. ಬೊಲೆರೊ ಕ್ಯಾಂಪರ್ ಗೋಲ್ಡ್ ಮೇಲೆ ಕಟ್ಟುವ ಸಣ್ಣ ಕ್ಯಾಂಪರಿಗೆ ಮಹೀಂದ್ರ 2022ರಲ್ಲಿ, ಐಐಟಿ ಮದ್ರಾಸಿನಲ್ಲಿ ಮೊಳೆತ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಜತೆ ಕೈಜೋಡಿಸಿತು. ಒಳ್ಳೆಯ ಯೋಚನೆಯೇ, ಆದರೆ ಅದು ನಾಲ್ವರ ಗಾಡಿ. ಎಷ್ಟು ಜನ ಪ್ರಯಾಣಿಸುತ್ತೀರೋ ಅಷ್ಟೂ ಜನಕ್ಕೆ ಬೆಲ್ಟಿರುವ, ಮುಂದಕ್ಕೆ ಮುಖ ಮಾಡಿದ ಸೀಟು ಬೇಕು. ಅಮ್ಮನಿಗೆ ಕೆಳಗಿನ ಮಂಚ, ಬಾಗಿಲಲ್ಲಿ ಹೊರಗೆ ಚಾಚುವ ಮೆಟ್ಟಿಲು, ಟಾಯ್ಲೆಟ್ಟಿನಲ್ಲಿ ಗಟ್ಟಿಯಾದ ಹಿಡಿಕೆ. ಈ ಮೂರನ್ನು ನಕ್ಷೆಯಲ್ಲೇ ಬರೆಸಿ, ಆಮೇಲೆ ಸೇರಿಸುವುದು ಕಷ್ಟ.

ಇನ್ನು ಎಸಿ. ಕರಾವಳಿಯಲ್ಲಿ ಮೋಟರ್‌ಹೋಮಿನ ಇಡೀ ವಿದ್ಯುತ್ ಲೆಕ್ಕ ಸೆಕೆಯ ಲೆಕ್ಕ. ಯುರೋಪಿನವರ ವಿಡಿಯೊಗಳಲ್ಲಿ ಹೀಟರಿನ ಮಾತೇ ಹೆಚ್ಚು, ನಮಗೆ ಅದರ ಉಪಯೋಗ ಸೊನ್ನೆ. ಏಪ್ರಿಲ್ ರಾತ್ರಿಯಲ್ಲಿ ಹೊರಗೆ 27 ಡಿಗ್ರಿ ಇದ್ದರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ಐದು ಜನರ ಉಸಿರೂ ಅದಕ್ಕೆ ಸೇರುತ್ತದೆ. ಒಳ್ಳೆಯ ಇನ್ಸುಲೇಷನ್ ಇರುವ ವ್ಯಾನಿನಲ್ಲಿ ಒಂದು ಟನ್ನಿನ ಇನ್ವರ್ಟರ್ ಎಸಿ ಮೊದಲ ಒಂದು ಗಂಟೆ 900 ವ್ಯಾಟ್‌ನಷ್ಟು ಎಳೆದು, ಒಳಗೆ ತಣಿದ ಮೇಲೆ 350ರಿಂದ 450 ವ್ಯಾಟಿಗೆ ಇಳಿಯುತ್ತದೆ. ಎಂಟು ಗಂಟೆಗೆ ಹಿಡಿದರೆ 0.9 ಮತ್ತು 2.8, ಒಟ್ಟು 3.7 ಯೂನಿಟ್. ಇನ್ವರ್ಟರಿನಲ್ಲಿ ಸೋರುವ ಹತ್ತು ಶೇಕಡಾ ಸೇರಿದರೆ 4.1. ಐವತ್ತು-ಅರವತ್ತು ಲೀಟರಿನ ಡಿಸಿ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಅರ್ಧ ಯೂನಿಟ್, ಫ್ಯಾನು, ದೀಪ, ಪಂಪು, ಮೊಬೈಲಿಗೆ 0.3. ಹೀಗೆ ಹತ್ತಿರ ಹತ್ತಿರ 5 ಯೂನಿಟ್.

ಇದಕ್ಕೆ ತಕ್ಕ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ. 3.2 ವೋಲ್ಟಿನ ಹದಿನಾರು ಸೆಲ್ ಸಾಲಾಗಿ ಜೋಡಿಸಿದ 51.2 ವೋಲ್ಟ್, 100 ಆಂಪ್-ಅವರಿನ ಒಂದು ಪೆಟ್ಟಿಗೆಯಲ್ಲಿ 5.12 ಯೂನಿಟ್ ಇರುತ್ತದೆ. ತೊಂಬತ್ತು ಶೇಕಡಾ ತೆಗೆದರೂ ಅಡ್ಡಿಯಿಲ್ಲ, ತೂಕ ಸುಮಾರು 45 ಕಿಲೋ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಆಯುಷ್ಯ ಕಮ್ಮಿ. ಇಷ್ಟೇ ಬಳಕೆಗೆ 150 ಆಂಪ್-ಅವರಿನವು ಐದು ಬೇಕು, ಇನ್ನೂರೈವತ್ತು ಕಿಲೋ ಮೀರುತ್ತದೆ. ಬೆಲೆ ಕಡಿಮೆ ಎಂದು ಅದನ್ನು ಕೂರಿಸಿದರೆ ನಾಲ್ಕು ಜನರ ಭಾರವನ್ನು ವರ್ಷಪೂರ್ತಿ ಹೊತ್ತು ತಿರುಗಿದಂತೆ. ಒಂದು ಪೆಟ್ಟಿಗೆಯಲ್ಲಿ ನಿಮಗೆ ಬಳಕೆಗೆ ಸಿಗುವುದು 4.6 ಯೂನಿಟ್. ಎಂಟು ಗಂಟೆ ತುಂಬುವ ಮೊದಲೇ, ಬೆಳಗಿನ ಜಾವ, ಎಸಿ ನಿಲ್ಲಿಸಿ ಫ್ಯಾನಿಗೆ ಬರಬೇಕು. ಅಷ್ಟು ಹೊಂದಾಣಿಕೆ ಸಾಧ್ಯವಿಲ್ಲವೆಂದಾದರೆ ಎರಡು ಪೆಟ್ಟಿಗೆ. ಹಾಗೆ ಮಾಡುವ ಮೊದಲು ಒಂದು ಅಗ್ಗದ ಉಪಾಯ ನೋಡಿ: ಡ್ರೈವರ್ ಸೀಟಿಗೂ ಮಲಗುವ ಜಾಗಕ್ಕೂ ನಡುವೆ ದಪ್ಪ ಪರದೆ ಹಾಕಿಸಿ. ಮುಂದಿನ ಗಾಜಿನ ಮೂಲಕ ಹೋಗುವ ತಂಪು ಉಳಿದರೆ ಒಂದು ಗಂಟೆ ಹೆಚ್ಚು ಓಡುತ್ತದೆ.

ಹನ್ನೆರಡು ವೋಲ್ಟಿನ ಬದಲು 48 ವೋಲ್ಟ್ ಯಾಕೆ? 2,000 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದಿರಿ ಅನ್ನಿ. 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರಿಗೆ ಸುಮಾರು 185 ಆಂಪಿಯರ್ ಹರಿಯಬೇಕು, ಹೆಬ್ಬೆರಳು ದಪ್ಪದ 70 ಸ್ಕ್ವೇರ್ ಎಂಎಂ ವಯರು ಬೇಕು, ವಯರಿನ ತುದಿಯ ಲಗ್ ಒಂದಿಷ್ಟು ಸಡಿಲವಾದರೂ ಕೆಂಪಗೆ ಕಾಯುತ್ತದೆ. 48 ವೋಲ್ಟಿನಲ್ಲಿ 45 ಆಂಪಿಯರ್, 16 ಸ್ಕ್ವೇರ್ ಎಂಎಂ ಸಾಕು. ಹೊರದೇಶದ ಹೊಸ ಮಾದರಿಗಳು 48 ವೋಲ್ಟಿಗೆ ಹೊರಳುತ್ತಿರುವುದು ಈ ಕಾರಣಕ್ಕೇ. ಇಆರ್‌ವಿ2ರ ಮನೆ-ಬ್ಯಾಟರಿಯೂ 48 ವೋಲ್ಟಿನದ್ದೇ. ದೀಪ, ಪಂಪು, ಫ್ಯಾನಿಗೆ ಒಂದು ಸಣ್ಣ 48ರಿಂದ 12 ವೋಲ್ಟಿನ ಕನ್ವರ್ಟರ್ ಹಾಕಿಸಿಕೊಳ್ಳಿ.

ಇಲ್ಲೇ ನಮ್ಮ ಕಡೆ ಪದೇಪದೇ ಕಾಣುವ ಒಂದು ತಪ್ಪು ಹೇಳಬೇಕು. ಮನೆ ವಯರಿಂಗ್ ಮಾಡುವವರು ಬ್ಯಾಟರಿಯ ಲೈನಿಗೆ ಮನೆಯ ಎಂಸಿಬಿಯನ್ನೇ (ಕರೆಂಟು ಹೆಚ್ಚಾದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿಬಿಡುತ್ತಾರೆ. ಮನೆಯ ಲೈನಿನ ಎಸಿ ಕರೆಂಟು (ಇಲ್ಲಿ ಎಸಿ ಎಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು, ತಂಪಿನ ಯಂತ್ರವಲ್ಲ) ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆದ್ದರಿಂದ ಸಂಪರ್ಕ ಬಿಟ್ಟಾಗ ಏಳುವ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟು ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಎಳೆದುಕೊಂಡೇ ಇದ್ದು ಎಂಸಿಬಿಯನ್ನೇ ಕರಗಿಸುತ್ತದೆ. ಡಿಸಿಗೆಂದೇ ಮಾಡಿದ ಬ್ರೇಕರ್, ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣು ದೂರದೊಳಗೆ ಕ್ಲಾಸ್ ಟಿ ಫ್ಯೂಸ್. ಈ ಎರಡಕ್ಕೆ ಚೌಕಾಸಿ ಬೇಡ. 230 ವೋಲ್ಟಿನ ಬದಿಗೆ, ಕರೆಂಟು ಸೋರಿ ಶಾಕ್ ಹೊಡೆಯದಂತೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಗಾಡಿ ಸ್ವಂತ ಇನ್ವರ್ಟರಿನಲ್ಲಿ ಓಡುವಾಗ ನ್ಯೂಟ್ರಲ್ ಮತ್ತು ಅರ್ತಿಂಗ್ ಒಂದು ಕಡೆ ಸೇರಿರಬೇಕು, ಹೊರಗಿನ ಪ್ಲಗ್ಗಿಗೆ ಹಾಕಿದೊಡನೆ ಆ ಜೋಡಣೆ ಬಿಡಬೇಕು. ಇಲ್ಲದಿದ್ದರೆ ಆರ್‌ಸಿಸಿಬಿ ಗೋಡೆಗೆ ಅಂಟಿಸಿದ ಅಲಂಕಾರ ಮಾತ್ರ. ಒಳ್ಳೆಯ ಹೈಬ್ರಿಡ್ ಇನ್ವರ್ಟರಿನಲ್ಲಿ ಇದಕ್ಕೆ ರಿಲೇ ಇರುತ್ತದೆ. ಹಾಕುವವರಿಗೆ ಅದನ್ನು ಚಾಲೂ ಮಾಡಲು ಗೊತ್ತಿದೆಯೇ, ಕೇಳಿ.

ತುಂಬಿಸುವುದು ಮೂರು ದಾರಿಯಲ್ಲಿ. ಮಾಡಿನ (ಗಾಡಿಯ ಚಾವಣಿಯ) ಮೇಲೆ 400 ವ್ಯಾಟ್ ಸೋಲಾರ್ ಇಟ್ಟರೆ ಮಾರ್ಚಿನಲ್ಲಿ ಐದು ಗಂಟೆಯ ಗಟ್ಟಿ ಬಿಸಿಲು, ಮಟ್ಟಸ ಮಲಗಿದ ಪ್ಯಾನೆಲಿನ ನಷ್ಟ, ಬಿಸಿಯ ನಷ್ಟ ಎಲ್ಲ ಕಳೆದು 1.4 ಯೂನಿಟ್ ಬಂದೀತು. ಜುಲೈಯಲ್ಲಿ ಅದರ ಅರ್ಧ ಸಿಕ್ಕಿದರೆ ಸಮಾಧಾನಪಡಿ. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮೂಲಕ ಗಂಟೆಗೆ ಸುಮಾರು 0.4 ಯೂನಿಟ್. ಉಡುಪಿಯಿಂದ ಸಕಲೇಶಪುರ ತಲುಪುವಷ್ಟರಲ್ಲಿ ಒಂದು ಯೂನಿಟ್ ದಾಟುತ್ತದೆ. ಆಲ್ಟರ್ನೇಟರಿನಿಂದ ನೇರ ವಯರು ಎಳೆಯುವ ಹಳೆಯ ಕ್ರಮ ಬೇಡವೇ ಬೇಡ. ಲಿಥಿಯಂ ಸಿಕ್ಕಷ್ಟನ್ನೂ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಸುಟ್ಟುಹೋಗುತ್ತದೆ. ಬಿಎಸ್6 ಹೊಗೆ ನಿಯಮದ ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್ ವೋಲ್ಟೇಜನ್ನು ತಾನೇ ಏರಿಳಿಸುವುದರಿಂದ ಚಾರ್ಜರಿಗೆ ಇಗ್ನಿಷನ್ ಸಿಗ್ನಲ್ ವಯರು ಕೊಡುವುದೂ ಅಗತ್ಯ. ಅದಿಲ್ಲದಿದ್ದರೆ ನಿಂತ ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿ ಖಾಲಿ. ಉಳಿದ ಎರಡೂವರೆ ಯೂನಿಟಿಗೆ ಹೋಂಸ್ಟೇ ಅಂಗಳದ 15 ಆಂಪಿಯರ್ ಪ್ಲಗ್ಗೇ ಗತಿ: 1,500 ವ್ಯಾಟಿನ ಚಾರ್ಜರಿಗೆ ಎರಡು ಗಂಟೆಯೊಳಗಿನ ಕೆಲಸ. ಆರು ಆಂಪಿಯರಿನ ಪ್ಲಗ್ಗಿಗೆ ಹಾಕುವುದಾದರೆ ಚಾರ್ಜರನ್ನು 800 ವ್ಯಾಟಿಗೆ ಇಳಿಸಿ, ಇಲ್ಲವಾದರೆ ಅವರ ಮನೆಯ ಸ್ವಿಚ್‌ಬೋರ್ಡ್ ಕಪ್ಪಾಗುತ್ತದೆ. ಒಟ್ಟಿನಲ್ಲಿ ಸೋಲಾರ್ ಒಂದರಿಂದಲೇ ಎಸಿ ಓಡುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಪ್ಯಾನೆಲ್ ಮಾರುವವರು.

ಬಗ್ಗುವ ತೆಳು ಪ್ಯಾನೆಲ್ ಬೇಡ. ತಗಡಿಗೆ ಅಂಟಿ ಕೂತು ಬೆಂದು ಬೇಗ ಕೆಡುತ್ತದೆ. ಗಾಜಿನ ಪ್ಯಾನೆಲ್ಲನ್ನು ಕೆಳಗೆ ಒಂದಿಂಚು ಗಾಳಿ ಆಡುವಂತೆ ಎತ್ತರಿಸಿ ಕೂರಿಸಿ.

ಎಸಿಯಲ್ಲಿ ಎರಡು ಜಾತಿ. ಮನೆಯ ಸ್ಪ್ಲಿಟ್ ಎಸಿಯನ್ನು ವ್ಯಾನಿಗೆ ಹಾಕಿದರೆ ಸೋಲುವುದು ತಾಮ್ರದ ಪೈಪಿನ ಫ್ಲೇರ್ ನಟ್ಟಿನಲ್ಲಿ. ಗೋಡೆಯ ಮೇಲೆ ಹತ್ತು ವರ್ಷ ಸುಮ್ಮನಿರುವ ಜೋಡಣೆ ಘಾಟಿಯ ಕುಲುಕಾಟಕ್ಕೆ ಬಿರುಕು ಬಿಟ್ಟು, ಗ್ಯಾಸು ಸದ್ದಿಲ್ಲದೆ ಹೋಗಿರುತ್ತದೆ. ಹೊರ ಘಟಕವನ್ನು ರಬ್ಬರ್ ಬುಷ್ ಮೇಲೆ ಕೂರಿಸಿ, ಪೈಪಿನ ಕೊನೆಯ ಮೀಟರಿಗೆ ಕಾರಿನ ಎಸಿಯಲ್ಲಿರುವಂಥ ಬಳುಕುವ ಹೋಸ್ ಹಾಕಿಸಿದರೆ ಬಾಳುತ್ತದೆ. ಮಾಡಿನ ಮೇಲೆ ಕೂರುವ ಒಂದೇ ಪೆಟ್ಟಿಗೆಯ ಎಸಿಗೆ ಈ ತೊಂದರೆಯಿಲ್ಲ, ಆದರೆ ಮಾಡಿಗೊಂದು ದೊಡ್ಡ ತೂತು ಬೀಳುತ್ತದೆ, ಗಾಡಿಯ ಎತ್ತರವೂ ಏರುತ್ತದೆ. ಎತ್ತರವನ್ನು ಅಳೆದು ಡ್ಯಾಶ್‌ಬೋರ್ಡಿನಲ್ಲಿ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆಯ ಮುಂದೆ ನಿಂತು ನೆನಪು ಮಾಡಿಕೊಳ್ಳುವಂತಾಗಬಾರದು. ಯಾವುದೇ ಆಗಲಿ, ಹೊರಗಿನ ಕಾಯಿಲ್‌ಗೆ (ಬಿಸಿ ಹೊರಬಿಡುವ ಪೈಪುಗಳ ಜಾಲರಿ) ಉಪ್ಪು ತಡೆಯುವ ಲೇಪ ಇರಲೇಬೇಕು. ಮಳೆಗಾಲದಲ್ಲಿ ಡ್ರೈ ಮೋಡಿನಲ್ಲಿ ಓಡಿಸಿ. ಆಗ ನಿಮಗೆ ಬೇಕಾದ್ದು ತಂಪಲ್ಲ, ತೇವ ಹೋಗುವುದು.

ಗಾಡಿಯ ಮೈ ವಿಷಯದಲ್ಲಿ ಮಲ್ಪೆಯ ದೋಣಿ ಕಟ್ಟುವವರಿಂದ ಕಲಿಯಬೇಕಾದ್ದಿದೆ. ಈ ವ್ಯಾನನ್ನು ಚಕ್ರವಿರುವ ಮನೆ ಎಂದು ಎಣಿಸಬೇಡಿ, ರಸ್ತೆಗಿಳಿದ ದೋಣಿ ಎಂದು ಎಣಿಸಿ. ದೋಣಿಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ತವರ ಲೇಪಿಸಿದ ತಾಮ್ರದ ವಯರು, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಟ್ಯೂಬು ನಿಮಗೂ ಅವೇ. ಮಾಮೂಲಿ ತಾಮ್ರದ ವಯರು ಲಗ್ಗಿನ ಬಾಯಿಂದ ತೇವ ಹೀರಿ ರಬ್ಬರಿನೊಳಗೆ ಗೇಣುದ್ದ ಕಪ್ಪಾಗಿ, ಹಸಿರು ಹುಡಿಯಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ ನೇರ ತಾಗಿದರೆ ಉಪ್ಪುನೀರು ಸೇರಿ ಅದೊಂದು ಸಣ್ಣ ಬ್ಯಾಟರಿಯಾಗುತ್ತದೆ. ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ನಡುವೆ ನೈಲಾನ್ ವಾಷರ್, ಸ್ಕ್ರೂವಿಗೆ ಸೀಲಂಟ್. ಮಾಡಿನ ತೂತುಗಳಿಗೆ ಬ್ಯುಟೈಲ್ ಟೇಪಿನ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಜಾತಿಯ ಸೀಲಂಟ್ ಹಾಕಿಸಿ. ಬಾತ್‌ರೂಮಿನ ಸಿಲಿಕಾನ್ ಮಾತ್ರ ಬೇಡ. ಒಮ್ಮೆ ಅದು ಬಿಟ್ಟುಕೊಂಡರೆ ಆ ಜಾಗಕ್ಕೆ ಮತ್ತೆ ಯಾವ ಅಂಟೂ ಹಿಡಿಯುವುದಿಲ್ಲ.

ಇನ್ಸುಲೇಷನ್ ವಿಷಯದಲ್ಲಿ ಯೂಟ್ಯೂಬು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಚಳಿದೇಶದಲ್ಲಿ ಒಳಗೆ ಬಿಸಿ, ಹೊರಗೆ ಚಳಿ. ತೇವ ಒಳಗಿನಿಂದ ಹೊರಗಿನ ತಗಡಿನತ್ತ ಹೋಗುತ್ತದೆ, ಅದಕ್ಕೆ ಅವರು ಒಳಬದಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ನಮ್ಮಲ್ಲಿ ಎಲ್ಲ ತಿರುಗುಮುರುಗು. ಎಸಿಯಿಂದ ಒಳಗಿನ ಪ್ಲೈವುಡ್ ತಣ್ಣಗಿರುತ್ತದೆ, ಹೊರಗಿನ ಹಸಿಗಾಳಿ ತೂತು-ಸಂದುಗಳಿಂದ ನುಗ್ಗಿ ಆ ಪ್ಲೈವುಡ್ಡಿನ ಬೆನ್ನಿಗೆ ನೀರಾಗಿ ಕೂರುತ್ತದೆ. ತಣ್ಣನೆಯ ಮಜ್ಜಿಗೆ ಚೊಂಬಿನ ಹೊರಮೈ ಬೆವರುವುದಿಲ್ಲವೇ, ಹಾಗೆ. ಒಳಗೆ ಪ್ಲಾಸ್ಟಿಕ್ ಹಾಳೆ ಇದ್ದರೆ ಆ ನೀರು ಅದರ ಹಿಂದೆಯೇ ಉಳಿದು, ಎರಡನೇ ಮಳೆಗಾಲದ ಹೊತ್ತಿಗೆ ಬೂಷ್ಟಿನ ವಾಸನೆ ಶುರು. ಪರಿಹಾರ ಇಷ್ಟೇ: ನೀರು ಹೀರದ ನೈಟ್ರೈಲ್ ರಬ್ಬರ್ ಅಥವಾ ಎಕ್ಸ್‌ಪಿಇ ಎಂಬ ಪ್ಲಾಸ್ಟಿಕ್ ಫೋಮನ್ನು, 19ರಿಂದ 25 ಮಿಲಿಮೀಟರ್ ದಪ್ಪದ್ದು, ಒಂದಿಷ್ಟೂ ಗಾಳಿ ಉಳಿಯದಂತೆ ತಗಡಿಗೇ ಅಂಟಿಸಬೇಕು, ಸಂದುಗಳಿಗೆ ಅಲ್ಯೂಮಿನಿಯಂ ಟೇಪು. ಗ್ಲಾಸ್‌ವುಲ್, ಥರ್ಮಾಕೋಲ್ ಎರಡೂ ಇಲ್ಲಿಗಲ್ಲ. ಬಾಗಿಲ ಅಡಿಯ, ಸಿಲ್ಲಿನ ಅಡಿಯ ನೀರು ಇಳಿಯುವ ತೂತುಗಳನ್ನು ಫೋಮಿನಿಂದ ಮುಚ್ಚಿಬಿಡುವುದು ಶೆಡ್ಡುಗಳ ಸಾಮಾನ್ಯ ತಪ್ಪು. ಗಾಡಿ ಒಳಗಿನಿಂದ ತುಕ್ಕು ತಿನ್ನುವುದು ಅಲ್ಲಿಂದ. ಫೋಮ್ ಹಾಕುವ ಮೊದಲು ಪೊಳ್ಳು ಜಾಗಗಳಿಗೆ ಮೇಣದಂಥ ಆ್ಯಂಟಿ-ರಸ್ಟ್ ಸಿಂಪಡಿಸಿ. ಬಜೆಟ್ಟು ಸಾಲದಿದ್ದರೆ ಸೋಲಾರನ್ನು ಮುಂದಿನ ವರ್ಷಕ್ಕೆ ದೂಡಿ, ಇನ್ಸುಲೇಷನ್ನನ್ನು ಅಲ್ಲ. ಬಟ್ಟೆಯ ಗೋಡೆಯಿರುವ ಎತ್ತುವ ಮಾಡು ವಿದೇಶಿ ಮಾದರಿಗಳಲ್ಲಿ ಚಂದ ಕಾಣುತ್ತದೆ. ಇಲ್ಲಿ ಜೂನಿನಲ್ಲಿ ನೆನೆದ ಬಟ್ಟೆ ಸೆಪ್ಟೆಂಬರಿನವರೆಗೆ ಒಣಗುವುದಿಲ್ಲ.

ಮರಗೆಲಸಕ್ಕೆ ಐಎಸ್ 710 ಮುದ್ರೆಯ ಮರೈನ್ ಪ್ಲೈ ತೆಗೆದುಕೊಳ್ಳಿ, ಆದರೆ ಎಲ್ಲೆಡೆ 18 ಮಿಲಿಮೀಟರ್ ಬೇಡ. ಎಂಟು-ನಾಲ್ಕು ಅಡಿಯ ಅಂಥ ಒಂದು ಹಾಳೆ ಸುಮಾರು 37 ಕಿಲೋ, 12 ಮಿಲಿಮೀಟರಿನದ್ದು 25. ಹತ್ತು ಹಾಳೆಯಲ್ಲಿ 120 ಕಿಲೋ ವ್ಯತ್ಯಾಸ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಟ್ಯಾಂಕನ್ನು ಹಿಂದಿನ ಆಕ್ಸಲಿಗಿಂತ ಮುಂದೆ, ತಳಕ್ಕೆ ಹತ್ತಿರ ಇಡಿಸಿ, ಬ್ಯಾಟರಿ ಎದುರು ಬದಿಗಿರಲಿ. ಗಾಡಿ ಕೈಗೆ ಬರುವ ದಿನ ಟ್ಯಾಂಕ್ ತುಂಬಿಸಿ, ಐದೂ ಜನ ಕೂತು ವೇ ಬ್ರಿಡ್ಜಿಗೆ ಹೋಗಿ. ಮುಂದಿನ, ಹಿಂದಿನ ಆಕ್ಸಲನ್ನು ಬೇರೆಬೇರೆ ತೂಗಿಸಿ ಆರ್‌ಸಿಯ ಅಂಕಿಯೊಂದಿಗೆ ತಾಳೆ ನೋಡಿ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲಿ ಹೆಚ್ಚುವರಿ 300 ಕಿಲೋ ಎಂದರೇನೆಂದು ಬ್ರೇಕಿಗೆ ಗೊತ್ತಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯುವುದು, ನ್ಯೂಟ್ರಲ್ ಮಾಡದಿರುವುದು ನಿಮಗೆ ಗೊತ್ತಿರುವ ವಿಷಯವೇ.

ಅಡುಗೆಯಲ್ಲಿ ನಮ್ಮವರಿಗೊಂದು ವಿಶೇಷ ತೊಂದರೆ: ಕುಚ್ಚಲಕ್ಕಿ. ಇಂಡಕ್ಷನ್ನಿನಲ್ಲಿ ಮೂರು ಲೀಟರ್ ನೀರು ಕುದಿ ಬರಲು 0.3 ಯೂನಿಟ್, ಮುಕ್ಕಾಲು ಗಂಟೆ ಬೇಯಿಸಲು ಇನ್ನು 0.6. ಒಂದು ಹೊತ್ತಿನ ಅನ್ನಕ್ಕೆ ಎರಡು ಗಂಟೆಯ ಎಸಿ ಹೋಯಿತು. ಹತ್ತು ನಿಮಿಷ ಕುದಿಸಿ, ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಟ್ಟರೆ ಅರ್ಧ ಯೂನಿಟಿನಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಹೊರಡುವಾಗ ಇಟ್ಟದ್ದು ಮಧ್ಯಾಹ್ನಕ್ಕೆ ತಯಾರು. ಬಂಗುಡೆ ಕಾಯಿಸುವುದಾದರೆ ಹೊರಗೆ, ಹಿಂಬಾಗಿಲಿನಿಂದ ಎಳೆಯುವ ಕಟ್ಟೆಯ ಮೇಲೆ. ಒಳಗೆ ಕಾಯಿಸಿದ ವಾಸನೆ ಸೀಟಿನ ಫೋಮ್ ಬಿಟ್ಟು ಹೋಗುವುದಿಲ್ಲ. ಗ್ಯಾಸು ಬೇಕೇಬೇಕೆಂದರೆ 5 ಕಿಲೋದ ಸಿಲಿಂಡರ್, ಕ್ಯಾಬಿನ್ನಿಗೆ ಬಾಯಿಲ್ಲದ, ಹೊರಗಿನಿಂದ ಮಾತ್ರ ತೆರೆಯುವ ಪೆಟ್ಟಿಗೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಪೆಟ್ಟಿಗೆಯ ತಳದಲ್ಲಿ ರಸ್ತೆಗೆ ತೆರೆದ ತೂತು, ಒಳಗೆ ಸೋರಿಕೆ ಅಲಾರಂ ನೆಲದ ಹತ್ತಿರ. ಮಾಡಿಗೆ ಹಾಕಿಸಿದ ಅಲಾರಂನಿಂದ ಏನೂ ಉಪಯೋಗವಿಲ್ಲ.

ಟಾಯ್ಲೆಟ್ಟಿಗೆ, ಕೊಳೆ ತುಂಬುವ ಪೆಟ್ಟಿಗೆಯನ್ನು ಹೊರಗೆಳೆಯುವ ಕ್ಯಾಸೆಟ್ ಮಾದರಿ ಸಾಕು. 17-18 ಲೀಟರ್ ಹಿಡಿಯುತ್ತದೆ, ಐದು ಜನಕ್ಕೆ ಒಂದೂವರೆ ದಿನ. ಮೂತ್ರ ಬೇರ್ಪಡಿಸಿ ಒಣಗಿಸುವ ಹೊಸ ಮಾದರಿಗಳಿಗೆ ಒಣಹವೆ ಬೇಕು, ನಮ್ಮ ಗಾಳಿಯಲ್ಲಿ ಅದು ಒಣಗದೆ ನಾರುತ್ತದೆ. ಕ್ಯಾಸೆಟ್ಟಿಗೆ ನೀಲಿ ರಾಸಾಯನಿಕದ ಬದಲು ಎನ್‌ಜೈಮ್ ಪುಡಿ ಹಾಕಿದರೆ ಮನೆಯ ಗುಂಡಿಗೆ ಸುರಿದರೂ ಅಲ್ಲಿನ ಕ್ರಿಮಿಗಳು ಸಾಯುವುದಿಲ್ಲ.

ಟಚ್‌ಸ್ಕ್ರೀನಿನಲ್ಲಿ ದೀಪ, ಪಂಪು, ಎಸಿ, ಪರದೆ ಎಲ್ಲ ಓಡಿಸುವ ಕಂಟ್ರೋಲ್ ಪ್ಯಾನೆಲ್ ಈಗಿನ ಆಕರ್ಷಣೆ. ಬೇಕಾದರೆ ಹಾಕಿಸಿ, ಆದರೆ ಪಂಪಿಗೂ ಒಂದು ದೀಪಕ್ಕೂ ಒಂದು ಫ್ಯಾನಿಗೂ ಫ್ಯೂಸಿನಿಂದ ನೇರ ಬರುವ ಟಕ್ ಎನ್ನುವ ಸ್ವಿಚ್ ಇರಲಿ. ಎಲ್ಲವೂ ಒಂದೇ ಮಾಡ್ಯೂಲಿನ ಕೈಯಲ್ಲಿದ್ದು ಅದರ ಸರ್ಕ್ಯೂಟ್ ಬೋರ್ಡಿಗೆ ಉಪ್ಪು ಕೂತರೆ, ಗಾಡಿಯಲ್ಲಿ ನೀರೂ ಇಲ್ಲ ಬೆಳಕೂ ಇಲ್ಲ. ಹಣ ಕೊಡುವುದಾದರೆ ಬ್ಯಾಟರಿಯಿಂದ ಹೋದ-ಬಂದ ಕರೆಂಟನ್ನು ಎಣಿಸುವ ಷಂಟ್ ಮೀಟರಿಗೆ ಕೊಡಿ. ಎಲ್‌ಎಫ್‌ಪಿಯ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮನಿರುವುದರಿಂದ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು.

ಮರವಂತೆಯಲ್ಲಿ ರಾತ್ರಿ ಉಳಿಯುವಾಗ ಮರಳಿಗಿಳಿಯದೆ ಗಟ್ಟಿ ನೆಲ ಹುಡುಕಿ. ಮನೆಗೆ ಬಂದ ದಿನವೇ ಗಾಡಿಯ ಅಡಿಗೆ, ಚಕ್ರದ ಕಮಾನಿಗೆ, ಎಸಿಯ ಕಾಯಿಲಿಗೆ ಸಿಹಿನೀರು ಹಾಯಿಸಿ. ಮರುದಿನಕ್ಕೆ ಎಂದು ಬಿಟ್ಟರೆ ಉಪ್ಪು ಒಣಗಿ ಕೂತಿರುತ್ತದೆ. ಆಟಿಯ (ಜುಲೈ-ಆಗಸ್ಟಿನ) ಮಳೆಯಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಡಬೇಡಿ, ಐವತ್ತು-ಅರವತ್ತು ಶೇಕಡಾದಲ್ಲಿ ಬಿಟ್ಟು ಮೇನ್ ಸ್ವಿಚ್ ತೆಗೆಯಿರಿ. ಹಾಸಿಗೆಗಳನ್ನು ನಿಲ್ಲಿಸಿಡಿ, ಕಪಾಟಿನ ಬಾಗಿಲುಗಳೆಲ್ಲ ತೆರೆದಿರಲಿ, ಮನೆಯ ಪ್ಲಗ್ಗಿನಿಂದ ವಾರಕ್ಕೆರಡು ಸಲ ಎರಡು ಗಂಟೆ ಡ್ರೈ ಮೋಡಿನಲ್ಲಿ ಎಸಿ ಓಡಿಸಿ. ಬೇಸಗೆಯಲ್ಲಿ ಇದರ ಉಲ್ಟಾ ಒಂದು ಎಚ್ಚರವಿದೆ: ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಮಧ್ಯಾಹ್ನ 50 ಡಿಗ್ರಿ ದಾಟಬಹುದು. ಸೆಲ್ಲಿನ ಬಿಸಿ ಮಿತಿ ದಾಟಿದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ (ಬಿಎಂಎಸ್) ಚಾರ್ಜಿಂಗ್ ನಿಲ್ಲಿಸುತ್ತದೆ. ಮಾಡಿನ ಮೇಲೆ ಸುಡುಬಿಸಿಲಿದ್ದರೂ ಬ್ಯಾಟರಿ ತುಂಬುತ್ತಿಲ್ಲವೆಂದು ಪ್ಯಾನೆಲ್ಲನ್ನು ಬೈಯುವ ಮೊದಲು, ಬ್ಯಾಟರಿ ಪೆಟ್ಟಿಗೆಗೆ ಗಾಳಿ ಆಡುತ್ತಿದೆಯೇ ನೋಡಿ.